ನಡೆದು ಬರುತ್ತಿದ್ದ ಮೈದುನ

ನಮ್ಮೂರ ಬಸ್ ತಂಗುದಾಣದ ಗೋಡೆಯ ಮೇಲೆ ಮಿಲಿಟರಿ ಟೋಪಿ ಹಾಕಿ ಎದೆಯುಬ್ಬಿಸಿ ನಿಂತಿರುವವನು ನನ್ನ ಮೈದುನನಂತೆ. ಊರವರು ಹಾಗೆ ಹೇಳುತ್ತಾರೆ, ಕೆಳಗೆ ಹೆಸರನ್ನೂ ಬರೆಸಿದ್ದಾರೆ, ಆದ್ದರಿಂದ ಒಪ್ಪಿಕೊಳ್ಳಬೇಕು. ಚಿತ್ರ ಬರೆದ ಪುಣ್ಯಾತ್ಮ ಮೀಸೆಯನ್ನು ಕಿವಿಯ ತನಕ ಎಳೆದಿದ್ದಾನೆ, ಕಣ್ಣಿಗೆ ಕೆಂಪು ಬಳಿದಿದ್ದಾನೆ. ನಾನು ಕಂಡವನಿಗೆ ಮೀಸೆ ಅಲ್ಲೊಂದು ಇಲ್ಲೊಂದು ಬಂದಿತ್ತು. ಸಿಟ್ಟು ಬಂದರೆ ಕೆಂಪಾಗುತ್ತಿದ್ದುದು ಕಣ್ಣಲ್ಲ, ಕಿವಿ. ಹೆಸರು ಆ ಗೋಡೆಯ ಮೇಲೇ ಇರಲಿ. ಇಲ್ಲಿ ನಾನು ಅವನನ್ನು ಮೈದುನ ಎಂದೇ ಬರೆಯುತ್ತೇನೆ.

ವರ್ಷಕ್ಕೊಮ್ಮೆ ಅಲ್ಲಿ ಹಾರ ಹಾಕುವುದು, ಭಾಷಣ ಮಾಡುವುದು ನಡೆದುಕೊಂಡು ಬಂದಿದೆ. ಇಷ್ಟು ಕಾಲ ಹಾರ ಹಾಕುತ್ತಿದ್ದವರು ನನ್ನ ಅತ್ತೆ, ಅವನ ತಾಯಿ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಈ ಸಲ ಹಾರ ನನ್ನ ಕೈಗೆ ಬಂತು, ಹಿಂದೆಯೇ ಮೈಕೂ ಬಂತು. ಎರಡು ಮಾತು ಹೇಳಿ ಎಂದರು. ಒಳ್ಳೆಯ ಹುಡುಗ, ಬಸ್ಸೆಂದರೆ ಅವನಿಗೆ ಆಗುತ್ತಿರಲಿಲ್ಲ ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅಧ್ಯಕ್ಷರ ಮುಖ ಸಪ್ಪಗಾಯಿತು. ಮೈಕು ಕೊಟ್ಟು ಬಂದು ಕೂತೆ. ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯಿತು.

ನಾನು ಹೇಳಿದ್ದರಲ್ಲಿ ತಪ್ಪೇನಿತ್ತು? ಭಾಗಮಂಡಲದಿಂದ ಕರಿಕೆಯ ಕಡೆಗೆ ಇಳಿಯುವ ದಾರಿ ಕಂಡವರಿಗೆ ಗೊತ್ತು, ಅದು ರಸ್ತೆಯಲ್ಲ, ತಿರುವುಗಳ ಸರಮಾಲೆ. ಮೊದಲ ತಿರುವಿಗೆ ಅವನ ಮಾತು ನಿಲ್ಲುತ್ತಿತ್ತು. ಎರಡನೆಯದಕ್ಕೆ ಮುಖ ಬಾಳೆದಿಂಡಿನ ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಕಂಡಕ್ಟರ್ ತಾನಾಗಿಯೇ ಸೀಟಿ ಊದಿ ಬಸ್ ನಿಲ್ಲಿಸುತ್ತಿದ್ದ. ಇಳಿದವನು ರಸ್ತೆ ಬಿಟ್ಟು ಕಾಡಿನ ಒಳದಾರಿ ಹಿಡಿದು ಗುಡ್ಡವನ್ನು ನೇರವಾಗಿ ಇಳಿಯುತ್ತಿದ್ದ. ಬಸ್ಸು ಸುತ್ತಿ ಬಳಸಿ ನಮ್ಮ ಮನೆಯ ಓಣಿಯ ಹತ್ತಿರ ಬರುವಷ್ಟರಲ್ಲಿ ಇವನು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಬಸ್ಸಿನಲ್ಲಿದ್ದವರು ಕೂಗಿ ಗೇಲಿ ಮಾಡಿದರೆ ಚೊಂಬು ಎತ್ತಿ ತೋರಿಸುತ್ತಿದ್ದ, ಅಷ್ಟೆ.

"ನಡ್ದರೆ ಆತ್, ಅತ್ತಿಗೆ" ಎನ್ನುವುದು ಅವನ ಬಾಯಿಮಾತು. ನಡೆದರೆ ಆಯಿತು. ಯಾವ ತಾಪತ್ರಯ ಹೇಳಿಕೊಂಡರೂ ಇದೇ ಉತ್ತರ. ಒಂದೊಂದು ಸಲ ನನಗೆ ರೇಗಿಹೋಗುತ್ತಿತ್ತು.

ನಾನು ಕುಶಾಲನಗರದ ಕಡೆಯವಳು. ನಮ್ಮಜ್ಜ ಹಾಸನ ಜಿಲ್ಲೆಯಿಂದ ಬಂದು ಅಲ್ಲಿ ನೆಲೆ ನಿಂತವರು. ರಾಗಿಹೊಲ, ಬಯಲು, ನೇರ ರಸ್ತೆ ಕಂಡು ಬೆಳೆದವಳನ್ನು ತಂದು ಈ ಗಡಿಮೂಲೆಗೆ ಕೊಟ್ಟರು. ಇಲ್ಲಿ ಮನೆಮಾತು ಅರೆಭಾಷೆ. ಅದೂ ಕನ್ನಡವೇ, ಏನೂ ಕಷ್ಟವಿಲ್ಲ ಎಂದು ನಮ್ಮಪ್ಪ ಧೈರ್ಯ ಹೇಳಿ ಕಳಿಸಿದ್ದರು. ಮೊದಲ ದಿನ ಅತ್ತೆ ಒಲೆಯ ಮುಂದಿನಿಂದ, ಉಪ್ಪು ಉಟ್ಟಾ ಎಂದರು. ಸೀರೆ ಉಡುವುದು ಗೊತ್ತು, ಉಪ್ಪನ್ನು ಹೇಗೆ ಉಡುವುದೆಂದು ನಾನು ಕಣ್ಣುಕಣ್ಣು ಬಿಟ್ಟೆ. ಹೈಸ್ಕೂಲಿನಲ್ಲಿದ್ದ ಮೈದುನ ಬಾಗಿಲ ಸಂದಿಯಿಂದ, ಉಪ್ಪು ಇದೆಯಾ ಅಂತ ಕೇಳ್ತಿರೋದು ಅತ್ತಿಗೆ, ಡಬ್ಬಿ ಕೊಡಿ ಸಾಕು ಎಂದ. ಅವತ್ತಿನಿಂದ ಅವನು ನನ್ನ ದುಭಾಷಿ. ಅತ್ತೆಯ ಬೈಗುಳಗಳನ್ನು ಅರ್ಧ ಮೆತ್ತಗೆ ಮಾಡಿ ನನಗೆ ತಲುಪಿಸುತ್ತಿದ್ದ. ನನ್ನ ಎದುರುತ್ತರಗಳನ್ನು ಪೂರ್ತಿ ನುಂಗಿಕೊಳ್ಳುತ್ತಿದ್ದ. ನಾವಿಬ್ಬರು ಹೆಂಗಸರು ಹೊಂದಿಕೊಂಡು ಬಾಳಿದ್ದರಲ್ಲಿ ಆ ಹುಡುಗನ ಪಾಲು ದೊಡ್ಡದು. ಆಮೇಲಾಮೇಲೆ ಅತ್ತೆ ನನ್ನ ಜೊತೆ ಅರ್ಧ ಅವರ ಮಾತು, ಅರ್ಧ ನನ್ನ ಮಾತು ಬೆರೆಸಿ ಆಡುವುದನ್ನು ಕಲಿತರು.

ಮಾವನವರು ನಾನು ಬರುವ ಮುಂಚೆಯೇ ಹೋಗಿದ್ದರು. ನಮ್ಮವರು ತೋಟ ನೋಡಿಕೊಳ್ಳುತ್ತಿದ್ದರು. ಮೈದುನ ಪಿಯುಸಿ ಮುಗಿಸಿ ಮಿಲಿಟರಿ ಭರ್ತಿಗೆ ಹೋಗುತ್ತೇನೆ ಎಂದಾಗ ಈ ಊರಿನಲ್ಲಿ ಯಾರೂ ಹುಬ್ಬೇರಿಸಲಿಲ್ಲ. ನಮ್ಮ ಕಡೆ ಮನೆಗೊಬ್ಬ ಮಿಲಿಟರಿಯವನು ಇರುವುದು ವಾಡಿಕೆ. ಅತ್ತೆಗೆ ಇದ್ದದ್ದು ಒಂದೇ ಚಿಂತೆ, ಅಲ್ಲಿಯ ತನಕ ಇವನು ಹೇಗೆ ಹೋಗುತ್ತಾನೆ ಎಂಬುದು. ರೈಲಿನಲ್ಲಿ ತಿರುವಿಲ್ಲ ಅವ್ವ ಎಂದು ಸಮಾಧಾನ ಮಾಡಿ ಹೋದ.

ರಜೆಗೆ ಬಂದರೆ ಮೊದಲು ಬೂಟು ಬಿಚ್ಚಿ ಎಸೆದು ಬರಿಗಾಲಲ್ಲಿ ತೋಟ ಸುತ್ತಿ ಬರುತ್ತಿದ್ದ. ಕಾಲಿಗೆ ಹತ್ತಿದ ಜಿಗಣೆ ಕಿತ್ತುಹಾಕುತ್ತಾ ಜಗಲಿಯ ಅಂಚಿನಲ್ಲಿ ಕೂತು ಕಾಲಾಡಿಸುತ್ತಿದ್ದ. ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಟ್ರಂಕಿನಲ್ಲಿ ಕ್ಯಾಂಟೀನಿನ ರಮ್ ಬಾಟಲಿ ಇದ್ದೇ ಇರುತ್ತಿತ್ತು. ಅದರ ವಾಸನೆ ಕೆಳಮನೆಯ ದೊಡ್ಡಪ್ಪನಿಗೆ ಹೇಗೆ ತಲುಪುತ್ತಿತ್ತೋ ದೇವರೇ ಬಲ್ಲ. ಸಂಬಂಧದಲ್ಲಿ ದೂರದವರು, ಗದ್ದೆಯಾಚೆ ಮನೆ. ಕತ್ತಿ ಮರೆತು ಹೋದೆ, ಕರು ಈ ಕಡೆ ಬಂತಾ ಎಂದು ಏನಾದರೊಂದು ನೆಪ ಮಾಡಿ ಹಾಜರಾಗುತ್ತಿದ್ದರು. ಕರು ಬಾಟಲಿಯ ಒಳಗೆ ಉಟ್ಟು ದೊಡ್ಡಪ್ಪ, ಬನ್ನಿ ಎಂದು ಮೈದುನ ಕರೆಯುತ್ತಿದ್ದ. ತಾನು ಒಂದು ಗುಟುಕೂ ಕುಡಿಯುತ್ತಿರಲಿಲ್ಲ, ಮುದುಕರು ಕುಡಿಯುವುದನ್ನು ನೋಡುತ್ತಾ ಕೂರುತ್ತಿದ್ದ. ಅಲ್ಲಿ ಏನು ಕೆಲಸ ಮಾಡುತ್ತೀಯ ಎಂದು ನಾನು ಕೇಳಿದರೆ ಅರ್ಧ ಹೊರುವುದು, ಇನ್ನರ್ಧ ಕಾಯುವುದು ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಯಾವತ್ತೂ ಬಾಯಿ ಬಿಡಲಿಲ್ಲ.

ಒಂದು ಸಂಗತಿ ಹೇಳಲೇಬೇಕು. ನನ್ನ ಮಗಳು ಹುಟ್ಟುವ ಹೊತ್ತಿಗೆ ಅವನು ರಜೆಯಲ್ಲಿದ್ದ. ಹೆರಿಗೆಗೆ ಇನ್ನೂ ದಿನವಿದೆ ಎಂದುಕೊಂಡು ಅತ್ತೆ ಮತ್ತು ನಮ್ಮವರು ನೆಂಟರ ಮದುವೆಗೆ ಸುಳ್ಯಕ್ಕೆ ಹೋಗಿದ್ದರು. ಮಧ್ಯಾಹ್ನ ನನಗೆ ನೋವು ಶುರುವಾಯಿತು. ಅವನು ಓಡಿಹೋಗಿ ಜೀಪು ತಂದ. ಪಕ್ಕದ ಮನೆಯ ಹೆಂಗಸೊಬ್ಬರು ಜೊತೆಗೆ ಬರುತ್ತೇನೆಂದರು. ನೀನು ಬರಬೇಡ ಮಾರಾಯ, ದಾರಿಯಲ್ಲಿ ಸತ್ತು ಹೋಗ್ತೀಯ ಎಂದು ನಾನೂ ಹೇಳಿದೆ. ಕೇಳಲಿಲ್ಲ. ಮಡಿಕೇರಿಯ ತನಕ ಜೀಪಿನ ಹಿಂಬದಿಯಿಂದ ತಲೆ ಹೊರಗೆ ಹಾಕಿ ಕಾರಿಕೊಳ್ಳುತ್ತಲೇ ಬಂದ. ನಡುನಡುವೆ ನನ್ನ ಕಡೆ ತಿರುಗಿ, ಆತ್ ಅತ್ತಿಗೆ, ಬಂದೇ ಬಿಡ್ತು ಎನ್ನುತ್ತಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಅವನ ಅವಸ್ಥೆ ಕಂಡ ನರ್ಸು ನನ್ನನ್ನು ಬಿಟ್ಟು ಅವನನ್ನೇ ಹಿಡಿದು ಬೆಂಚಿನ ಮೇಲೆ ಮಲಗಿಸಿದಳು. ಅವನು ಬೆರಳೆತ್ತಿ ನನ್ನನ್ನು ತೋರಿಸಿದ. ಆ ನೋವಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಮಗಳಿಗೆ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ತನಗಾಗಿ ಎಷ್ಟು ದೂರವಾದರೂ ನಡೆಯುವವನು, ಬೇರೆಯವರಿಗಾಗಿ ಗಾಡಿ ಹತ್ತುತ್ತಾನೆ. ಇದು ನನಗೆ ಆವತ್ತೇ ಗೊತ್ತಾಗಿತ್ತು. ಆದ್ದರಿಂದ ಗಡಿಯಲ್ಲಿ ಯುದ್ಧ ನಡೆದ ಬೇಸಿಗೆಯಲ್ಲಿ, ಹಿಮದ ಬೆಟ್ಟದಿಂದ ಗಾಯಾಳುಗಳನ್ನು ಇಳಿಸುತ್ತಿದ್ದ ಹೆಲಿಕಾಪ್ಟರೊಂದು ಮಂಜಿನಲ್ಲಿ ಬಂಡೆಗೆ ಬಡಿದು ಕಣಿವೆಗೆ ಬಿತ್ತು, ಅದರಲ್ಲಿ ಅವನೂ ಇದ್ದ ಎಂದು ಮಡಿಕೇರಿಯ ಸೈನಿಕ ಕಚೇರಿಯಿಂದ ಬಂದ ಇಬ್ಬರು ಹೇಳಿದಾಗ ಯಾರಿಗಾಗಿ ಹತ್ತಿದನೋ ಎಂಬುದೊಂದೇ ನನಗೆ ತೋಚಿದ್ದು.

ಅತ್ತೆಗೆ ತೋಚಿದ್ದೇ ಬೇರೆ. ಕಣಿವೆ ಆಳದ್ದು, ಹವೆ ಸರಿಯಿಲ್ಲ, ಗುಂಡಿನ ಕಾಳಗ ನಿಂತಿಲ್ಲ, ದೇಹಗಳನ್ನು ಮೇಲೆತ್ತಲು ದಿನ ಹಿಡಿಯುತ್ತದೆ ಎಂದು ಬಂದವರು ಹೇಳುತ್ತಿದ್ದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಹಾಗಾದರೆ ಅವನನ್ನು ಕಂಡವರು ಯಾರು ಎಂದು ಕೇಳಿದರು. ಬಂದವರು ಹೋದ ಮೇಲೆ ನಮ್ಮವರ ಕಡೆ ತಿರುಗಿದರು.

"ಬಸ್ಸಲ್ಲಿ ಕೂರೋಕೆ ಆಗದ ನನ್ನ ಹೈದ ಆ ಹಾರೋದರಲ್ಲಿ ಕೂತನಾ? ಇಳ್ದು ನಡ್ಕೊಂಡು ಬರ್ತಿದ್ದಾನೆ. ನಾನು ಹೇಳದೆ ನೀನು ಕೋವಿ ಮುಟ್ಟಬಾರದು."

ಕೋವಿಯ ಮಾತು ಯಾಕೆ ಬಂತೆಂದರೆ, ನಮ್ಮಲ್ಲಿ ಸಾವನ್ನು ಬಾಯಲ್ಲಿ ಸಾರುವುದಿಲ್ಲ. ಮನೆಯವರು ಅಂಗಳದಲ್ಲಿ ನಿಂತು ಆಕಾಶಕ್ಕೆ ಎರಡು ಗುಂಡು ಹಾರಿಸುತ್ತಾರೆ, ಒಂದರ ಹಿಂದೆ ಒಂದು. ಆ ಜೋಡಿ ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಬರುತ್ತಾರೆ. ಗುಂಡು ಹಾರುವ ತನಕ ಸತ್ತವನು ಸತ್ತವನಲ್ಲ, ಆ ಮನೆಗೆ ಯಾರೂ ಸಾವಿನ ಮೋರೆ ಹೊತ್ತು ಬರುವ ಹಾಗಿಲ್ಲ.

ಹೀಗಾಗಿ ಪೇಪರಿನಲ್ಲಿ ಅವನ ಫೋಟೊ ಬಂತು, ಟೀವಿಯಲ್ಲಿ ಹೆಸರು ಬಂತು, ನಮ್ಮ ಮನೆಗೆ ಮಾತ್ರ ಯಾರೂ ಬರಲಿಲ್ಲ. ರಸ್ತೆಯಲ್ಲಿ ಹೋಗುವವರು ಓಣಿಯ ತುದಿಯಲ್ಲಿ ಒಂದು ಗಳಿಗೆ ನಿಂತು ಮನೆಯ ಕಡೆ ನೋಡಿ ಮುಂದೆ ಹೋಗುತ್ತಿದ್ದರು. ಅತ್ತೆ ಎಂದಿನಂತೆ ಎದ್ದು ಒಲೆ ಹಚ್ಚುತ್ತಿದ್ದರು, ಅವನ ಪಾಲಿನ ಅನ್ನವನ್ನೂ ಬೇಯಿಸುತ್ತಿದ್ದರು. ಒಳದಾರಿ ಬಂದು ಸೇರುವಲ್ಲಿ ಹಬ್ಬಿದ್ದ ಮುಳ್ಳುಪೊದೆಯನ್ನು ಕತ್ತಿ ಹಿಡಿದು ತಾವೇ ಸವರಿ ಬಂದರು. ಮಗಳು ಹುಟ್ಟಿದ ದಿನ ಜೀಪು ಹತ್ತಿದವನನ್ನು ಅವರೂ ಬಲ್ಲರು. ನಾನೂ ಅದನ್ನು ಎತ್ತಲಿಲ್ಲ, ಅವರೂ ಎತ್ತಲಿಲ್ಲ. ನಮ್ಮವರು ತೋಟಕ್ಕೆ ಹೋಗಿ ಅತ್ತು ಬರುತ್ತಿದ್ದರು. ತಮ್ಮನಿಗಾಗಿ ಅಳಲು ಸ್ವಂತ ಮನೆಯಲ್ಲಿ ಜಾಗವಿರಲಿಲ್ಲ ಅವರಿಗೆ.

ಹಲಸು ಹಣ್ಣಾಗುವ ಕಾಲ. ಒಂದು ಬೆಳಿಗ್ಗೆ ಅತ್ತೆ ದನ ಬಿಡುತ್ತಿದ್ದರು, ನಾನು ಅಂಗಳ ಗುಡಿಸುತ್ತಿದ್ದೆ. ಗದ್ದೆಯಾಚೆಯಿಂದ ಢಂ ಢಂ ಎಂದು ಎರಡು ಗುಂಡು ಕೇಳಿಸಿತು. ನಮ್ಮ ಮನೆಯದಲ್ಲ, ನಮ್ಮ ಕೋವಿ ಒಳಗೇ ಇದೆ ಎಂದು ನಮಗೆ ಗೊತ್ತು. ಆದರೆ ಆ ಕಣಿವೆಯಲ್ಲಿ ಸದ್ದು ಎಲ್ಲಿಂದ ಬಂತೆಂದು ದೂರದವರಿಗೆ ತಿಳಿಯುವುದು ಹೇಗೆ? ಊರಿಗೆ ಊರೇ ಕಿವಿಗೊಟ್ಟು ಕಾದಿತ್ತು. ಕೊನೆಗೂ ತಾಯಿ ಒಪ್ಪಿದಳು ಎಂದುಕೊಂಡು ಎಲ್ಲರೂ ಹೊರಟುಬಿಟ್ಟರು.

ಸ್ವಲ್ಪ ಹೊತ್ತಿನಲ್ಲೇ ಓಣಿಯಲ್ಲಿ ಜನ ಇಳಿದುಬಂದರು. ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡು ಒಬ್ಬರ ಹಿಂದೆ ಒಬ್ಬರು ಬಂದು ಜಗಲಿಯ ಮೇಲೆ ಕೂತರು. ಒಂದಿಬ್ಬರು ಆಗಲೇ ಅಳತೊಡಗಿದ್ದರು. ಕೊಡಲಿ ಹಿಡಿದು ಬಂದವನೊಬ್ಬ, ಯಾವ ಮಾವಿನ ಮರ ಕಡಿಯೋದು ಅವ್ವ ಎಂದು ಅತ್ತೆಯನ್ನೇ ಕೇಳಿಬಿಟ್ಟ. ಚಿತೆಗೆ ಮರ ಬೇಕಲ್ಲ, ಪಾಪ, ಅವನ ತಪ್ಪೇನಿಲ್ಲ.

ಅತ್ತೆ ಎಲ್ಲರನ್ನೂ ಒಮ್ಮೆ ನೋಡಿದರು. ಒಳಗೆ ಹೋಗಿ ಆರಿದ್ದ ಒಲೆಗೆ ಮತ್ತೆ ಬೆಂಕಿ ಹಾಕಿದರು. ದೊಡ್ಡ ಪಾತ್ರೆಯಲ್ಲಿ ಬೆಲ್ಲದ ಕಾಫಿ ಕಾಸಿದರು. ಸಾವಿನ ಮನೆಯಲ್ಲಿ ಒಲೆ ಹತ್ತಿಸುವುದಿಲ್ಲ, ಬಂದವರಿಗೆ ಕಾಫಿ ಕೊಡುವುದಿಲ್ಲ. ಲೋಟ ಕೈಗೆ ಬಂದ ಕೂಡಲೇ ಎಲ್ಲರಿಗೂ ಅರ್ಥವಾಯಿತು. ಅಳುತ್ತಿದ್ದವರು ಸೆರಗಿನಿಂದ ಮುಖ ಒರೆಸಿಕೊಂಡು ಕಾಫಿ ಕುಡಿದರು. ಕೊಡಲಿಯವನು ಕೊಡಲಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಕುಡಿದ. ಈ ಸಲ ಕಾಫಿ ಹೂವು ಚೆನ್ನಾಗಿ ಬಂದಿತ್ತು, ಕಾಯಿ ಕಚ್ಚಿದೆಯಾ ಎಂದು ಯಾರೋ ಕೇಳಿದರು. ಕಚ್ಚಿದೆ ಎಂದರು ಅತ್ತೆ.

ಕೊನೆಗೆ ಬಂದವರು ಕೆಳಮನೆಯ ದೊಡ್ಡಪ್ಪ, ಕೈಯಲ್ಲಿ ಅವರ ಹಳೆಯ ಜೋಡುನಳಿಗೆ ಕೋವಿ. ಹಲಸಿನ ವಾಸನೆ ಹಿಡಿದು ಆನೆ ಅವರ ಹಿತ್ತಲಿಗೇ ಬಂದಿತ್ತಂತೆ. ಪಟಾಕಿ ಮುಗಿದಿತ್ತು. ಹೆದರಿಕೆಯಲ್ಲಿ ಎರಡು ನಳಿಗೆಯನ್ನೂ ಒಂದರ ಹಿಂದೆ ಒಂದು ಹಾರಿಸಿಬಿಟ್ಟರು. ಆನೆಗೆಂದು ಹೊಡೆಯುವವರು ಒಂದು ಹೊಡೆದು ನಿಲ್ಲಿಸಬೇಕು ಎಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅಂಗಳ ತುಂಬ ಜನರನ್ನು ಕಂಡು ಮುದುಕರಿಗೆ ತಾನೇನು ಮಾಡಿದೆ ಎಂದು ಹೊಳೆಯಿತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಮಗುವಿನ ಹಾಗೆ ಅತ್ತರು. ಅತ್ತೆ ಅವರ ಕೈಗೂ ಲೋಟ ಕೊಟ್ಟರು. ಬೈಯಲಿಲ್ಲ. ಅವನು ಬಂದ ಮೇಲೆ ನಿಮ್ಮನ್ನು ಸರಿಯಾಗಿ ವಿಚಾರಿಸಿಕೊಳ್ತಾನೆ ಎಂದಷ್ಟೇ ಹೇಳಿದರು. ಅದನ್ನು ಕೇಳಿ ಅಷ್ಟು ಜನರಲ್ಲಿ ಯಾರೂ ತಲೆ ಎತ್ತಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಪೆಟ್ಟಿಗೆ ಬಂತು. ಮಿಲಿಟರಿ ಲಾರಿ ರಸ್ತೆಯಲ್ಲೇ ನಿಂತಿತು, ಓಣಿಯಲ್ಲಿ ಅದು ಇಳಿಯುವುದಿಲ್ಲ. ಬಾವುಟ ಹೊದಿಸಿದ ಪೆಟ್ಟಿಗೆಯನ್ನು ಜವಾನರು ಹೆಗಲ ಮೇಲೆ ತಂದು ಅಂಗಳದಲ್ಲಿ ಬೆಂಚಿನ ಮೇಲಿಟ್ಟರು. ಮೊಳೆ ಹೊಡೆದು ಮುಚ್ಚಿದ್ದು, ತೆರೆಯುವಂತಿಲ್ಲ ಎಂದು ಮೊದಲೇ ಹೇಳಿದರು. ಊರವರೆಲ್ಲ ಓಣಿಯ ಮೇಲಿನ ದಿಣ್ಣೆಯಲ್ಲಿ ಸಾಲಾಗಿ ನಿಂತಿದ್ದರು, ಒಬ್ಬರೂ ಕೆಳಗಿಳಿಯಲಿಲ್ಲ. ಒಮ್ಮೆ ಪೆಟ್ಟು ತಿಂದಿದ್ದರಲ್ಲ. ಅವರು ಯಾಕೆ ಬರುತ್ತಿಲ್ಲ ಎಂದು ಉತ್ತರದ ಕಡೆಯ ಆಫೀಸರು ಕೇಳಿದರು. ನಮ್ಮವರು ಬಂದಷ್ಟು ಹಿಂದಿಯಲ್ಲಿ, ನಮ್ಮ ತಾಯಿ ಹೇಳಬೇಕು ಸರ್ ಎಂದರು.

ತಾಯಿ ಜಗಲಿಯಿಂದ ಇಳಿಯಲೇ ಇಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ಯಾರಿದ್ದಾರೋ ಎಂದರು. ಯಾರ ಹೈದನೋ ಪಾಪ, ಅವರ ಮನೆಗೆ ಕಳಿಸಿ ಎಂದರು. ಆಫೀಸರು ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

ಪೆಟ್ಟಿಗೆಯ ಜೊತೆ ಬಂದವರಲ್ಲಿ ಒಬ್ಬ ಕಾಸರಗೋಡಿನ ಕಡೆಯ ಹುಡುಗನಿದ್ದ. ನಮ್ಮ ಬೆಟ್ಟದ ಆ ಮಗ್ಗುಲಿನವನು, ಮೈದುನನ ಜೊತೆ ಒಂದೇ ತುಕಡಿಯಲ್ಲಿದ್ದವನು. ಅವನು ಬಂದು ಅತ್ತೆಯ ಕಾಲ ಹತ್ತಿರ ನೆಲದ ಮೇಲೆ ಕೂತ.

"ಅವ ಹತ್ತಿದ್ದನ್ನು ನಾನು ಕಂಡಿದ್ದೇನೆ ಅಮ್ಮಾ. ನನ್ನ ಕಣ್ಣೆದುರಿಗೇ ಹತ್ತಿದ್ದು."

ಅತ್ತೆ ಅವನ ಮುಖ ನೋಡಿದರು. ಅವನು ನಿಧಾನವಾಗಿ ಹೇಳಿದ. ಗಾಯವಾದ ಹುಡುಗನೊಬ್ಬನನ್ನು ಇವರಿಬ್ಬರೂ ಹೊತ್ತು ತಂದಿದ್ದರು. ತೀರ ಚಿಕ್ಕವನು, ಹೊಸಬ. ಹೆಲಿಕಾಪ್ಟರಿನಲ್ಲಿ ಗಾಯಾಳುಗಳ ಜೊತೆ ಒಬ್ಬರು ಹೋಗಬೇಕಿತ್ತು. ಈ ಕಾಸರಗೋಡಿನವನೇ ಹೋಗುವುದೆಂದು ಮಾತಾಗಿತ್ತು, ಮೈದುನನಿಗೆ ಆಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತಂತೆ. ಆದರೆ ಆ ಗಾಯಾಳು ಹುಡುಗ ಮೈದುನನ ಅಂಗಿ ಹಿಡಿದವನು ಬಿಡಲಿಲ್ಲ. ಬೆರಳು ಬಿಡಿಸಲು ನೋಡಿದರೆ ಅಳತೊಡಗಿದ. ಮೈದುನ ಒಂದು ಕ್ಷಣ ಆ ಯಂತ್ರವನ್ನು ನೋಡಿದ, ಆಗಲೇ ಮುಖ ಬಿಳಿಚಿತ್ತು. ಆಮೇಲೆ ಹತ್ತಿಬಿಟ್ಟ.

"ಹತ್ತುವಾಗ ಏನಾದರೂ ಹೇಳಿದನಾ?" ಎಂದರು ಅತ್ತೆ.

"ನಗಾಡಿದ ಅಮ್ಮಾ. ಇದರಿಂದ ಅರ್ಧದಲ್ಲಿ ಇಳ್ದು ನಡೀಲಿಕ್ಕೂ ಆಗುದಿಲ್ಲ ಮಾರಾಯ, ಅಂತ ಹೇಳಿದ."

ಅವನ ಮಾತೇ ಅದು ಎಂದು ಅತ್ತೆ ಹೇಳಿದಾಗ ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಆಮೇಲೆ ಆ ಹುಡುಗನ ಕಡೆ ಬಾಗಿ, ಕಾರಿಕೊಳ್ಳುವಾಗ ಅವನ ಹಣೆ ಹಿಡಿಯಲು ಯಾರಾದರೂ ಇದ್ದರಾ ಎಂದು ಕೇಳಿದರು. ಆ ಹುಡುಗನಿಗೆ ತಾನೇ ಹೇಗೆ ಗೊತ್ತಿರಬೇಕು, ಅದರಲ್ಲಿ ಹೋದವರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಅತ್ತೆ ಜಗಲಿ ಇಳಿದರು. ನಾನು ತೋಳು ಹಿಡಿಯಲು ಹೋದೆ, ಬೇಡವೆಂದರು. ಪೆಟ್ಟಿಗೆಯ ಹತ್ತಿರ ನಿಂತು ಈ ತುದಿ ಆ ತುದಿ ನೋಡಿದರು.

"ತಲೆ ಯಾವ ಕಡೆ ಉಟ್ಟು?"

ಕಾಸರಗೋಡಿನವನು ಆಫೀಸರ ಮುಖ ನೋಡಿದ. ಆಫೀಸರು ನೆಲ ನೋಡಿದರು. ಪೆಟ್ಟಿಗೆಯೊಳಗೆ ತಲೆಯ ಕಡೆ, ಕಾಲಿನ ಕಡೆ ಎಂದು ಹೇಳುವಷ್ಟು ಏನೂ ಉಳಿದಿರಲಿಲ್ಲವೆಂದು ನನಗೆ ಆ ಕ್ಷಣಕ್ಕೆ ಅರ್ಥವಾಯಿತು. ಹುಡುಗ ತಡವರಿಸಿ, ಮೂಡಣ ದಿಕ್ಕಿನ ತುದಿಯನ್ನು ಮುಟ್ಟಿ, ಇಲ್ಲಿ ಅಮ್ಮಾ ಎಂದ. ಅವನು ತಡವರಿಸಿದ್ದನ್ನು ನಾನು ಕಂಡೆ. ಅತ್ತೆಯೂ ಕಂಡರು. ಕಂಡೂ ಅಲ್ಲಿಗೇ ಹೋಗಿ ಕೂತರು. ಬಾವುಟವನ್ನು ಸ್ವಲ್ಪ ಸರಿಸಿ, ಮರದ ಮೇಲೆ ಅಂಗೈ ಒತ್ತಿ ಹಿಡಿದರು.

ಹಾಗೆ ಹಿಡಿದುಕೊಂಡೇ ನಮ್ಮವರನ್ನು ಕರೆದು, ಕೋವಿ ತಾ ಮಗ ಎಂದರು.

ನಮ್ಮವರು ಅಂಗಳದ ಅಂಚಿಗೆ ಹೋಗಿ ಎರಡು ಗುಂಡು ಹಾರಿಸಿದರು. ದಿಣ್ಣೆಯ ಮೇಲಿದ್ದವರೆಲ್ಲ ಇಳಿದುಬಂದರು, ಹೆಂಗಸರ ಅಳು ಎದ್ದಿತು, ನಾನೂ ಅತ್ತುಬಿಟ್ಟೆ. ಯಾರು ಎಷ್ಟು ಕರೆದರೂ, ಅವನನ್ನು ಎತ್ತುವ ತನಕ, ಅವನ ತಾಯಿ ಅಲ್ಲಿಂದ ಕೈ ತೆಗೆಯಲಿಲ್ಲ.